ಸಿಸ್ಟರ್ ಸಾಕಿದ ಮೊಳದುದ್ದದ ಆಲ

ಹತ್ತಿ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಟೆರೇಸಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತರೆ ಅವರ ಉಗುರುಗಳ ತುಂಬ ಕರಿಮಣ್ಣು. ಆಸ್ಪತ್ರೆಯಲ್ಲಿ ಎಷ್ಟೋ ಕೂಸುಗಳನ್ನು ಮೊದಲು ಎತ್ತಿಕೊಂಡಿದ್ದೂ ಅದೇ ಕೈ. ಕೊಪ್ಪದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದ ನಿವೃತ್ತ ನರ್ಸ್ ಅವರು. ಊರಿಗೆಲ್ಲ ಸಿಸ್ಟರ್, ನನಗೂ.

ಅವರಿಗೆ ಮದುವೆಯಾಗಿರಲಿಲ್ಲ. ಗೋಡೆ, ಬಾವಿಕಟ್ಟೆಗಳ ಬಿರುಕಿನಲ್ಲಿ ಹುಟ್ಟಿದ ಆಲ, ಅರಳಿ ಸಸಿಗಳನ್ನು ತಂದು ಅಗಲ ಮಣ್ಣಿನ ತಟ್ಟೆಗಳಲ್ಲಿ ನೆಟ್ಟು, ಬೇರು ಸವರಿ, ತಂತಿ ಸುತ್ತಿ ಬೋನ್ಸಾಯ್ ಮಾಡುತ್ತಿದ್ದರು. ಹರಿಹರಪುರದ ಬಾವಿಯಿಂದ ತಂದ ಆಲಕ್ಕೆ ನನ್ನಷ್ಟೇ ವಯಸ್ಸಂತೆ. ಎತ್ತರ ಮಾತ್ರ ಒಂದು ಮೊಳ.

ನನ್ನ ಮೊದಲ ಮಗು ಹುಟ್ಟಿದ ವಾರದಲ್ಲೇ ತೀರಿಕೊಂಡಾಗ ಬಂದವರೆಲ್ಲ ಇನ್ನೊಂದಾಗುತ್ತದೆ ಎಂದು ಸಮಾಧಾನ ಹೇಳಿದರು. ಸಿಸ್ಟರ್ ಹೇಳಲಿಲ್ಲ. ಬೆಳಿಗ್ಗೆ ಟೆರೇಸಿಗೆ ಕರೆದೊಯ್ದು ಎಲೆ ಚಿವುಟುವ ಕೆಲಸ ಕೊಡುತ್ತಿದ್ದರು. ಅತ್ತರೆ ಅಳಲು ಬಿಡುತ್ತಿದ್ದರು. ಮಗುವಿಗೆ ಏನು ಹೆಸರು ಇಡಬೇಕೆಂದಿದ್ದೆ ಎಂದು ಕೇಳಿದವರು ಅವರೊಬ್ಬರೇ.

ಎರಡು ಸಾವಿರದ ಐದಾರರ ಸುಮಾರು, ಒಂದು ಮಾಗಿಯಲ್ಲಿ, ಅವರ ಹೊಟ್ಟೆಯಲ್ಲಿ ಗಡ್ಡೆಯಿರುವುದು ಗೊತ್ತಾಯಿತು. ಮಣಿಪಾಲಕ್ಕೆ ಹೊರಡುವ ಮೊದಲು ಖಾಲಿ ಪೇಂಟ್ ಬಕೆಟ್‌ಗಳನ್ನು ತರಿಸಿ, ಕಾಸಿದ ಸರಳಿನಿಂದ ತಳಕ್ಕೆ ತೂತು ಮಾಡಿ, ಗಿಡಗಳನ್ನೆಲ್ಲ ಅವಕ್ಕೆ ಬದಲಾಯಿಸತೊಡಗಿದರು. ಆಳ ಸಿಕ್ಕರೆ ಬೇರು ಇಳಿದು, ಗಿಡ ಬೆಳೆದು, ಇಷ್ಟು ವರ್ಷದ ಆಕಾರ ಕೆಡುತ್ತದೆಂದು ಅವರೇ ನನಗೆ ಕಲಿಸಿದ್ದರು. ನಾನು ತಡೆದೆ. ದಿನಾ ನಾನೇ ನೀರು ಹಾಕುತ್ತೇನೆಂದೆ.

"ತಟ್ಟೇಲಿದ್ರೆ ಬೇಸಿಗೇಲಿ ಎರಡು ಹೊತ್ತೂ ನೀರು ಬೇಕು ಮಾರಾಯ್ತಿ. ಒಂದಿನ ತಪ್ಪಿದ್ರೂ ಒಣಗ್ತಾವೆ. ನಿಂಗೂ ಮನೆ, ಸಂಸಾರ ಇದೆ. ನಾನು ವಾಪಸ್ ಬರ್ದೇ ಇದ್ರೂ ಇವು ಬದುಕ್ಬೇಕಲ್ಲ," ಎಂದರು.

ಆಲದ ಬೇರಿನ ಮಣ್ಣು ಬಿಡಿಸುತ್ತಿದ್ದವರು ಅದನ್ನು ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ಬಕೆಟ್ಟಿಗೆ ನಾನು ಮಣ್ಣು ತುಂಬಿದೆ. ಇಬ್ಬರೂ ಸೇರಿ ಇಳಿಸಿದೆವು.

ಯುಗಾದಿ ಕಳೆದು ಬಂದಾಗ ಅವರನ್ನು ಕುರ್ಚಿಯಲ್ಲಿ ಕೂರಿಸಿ ಟೆರೇಸಿಗೆ ಹೊತ್ತೊಯ್ಯಬೇಕಾಯಿತು. ಆಲ ಮನಸ್ಸಿಗೆ ಬಂದ ಕಡೆಗೆಲ್ಲ ಚಿಗುರಿತ್ತು. ಕತ್ತರಿ ಕೇಳಿದರು. ಉದ್ದದ ಚಿಗುರೊಂದನ್ನು ಹಿಡಿದು ನೋಡಿ, ಹಾಗೇ ಬಿಟ್ಟು, ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. ಮಳೆ ಹಿಡಿಯುವ ಮೊದಲೇ ಹೋಗಿಬಿಟ್ಟರು.

ಸಾಮಾನು ಒಯ್ಯಲು ಎನ್.ಆರ್.ಪುರದಿಂದ ಅವರ ತಮ್ಮ ಬಂದಿದ್ದರು. ಗಿಡಗಳ ನಡುವೆ ನಿಂತು ಹೇಳಿದರು: "ಅಕ್ಕ ಒಂದು ರಾತ್ರಿನೂ ನಮ್ಮನೇಲಿ ಉಳೀಲಿಲ್ಲ. ಗಿಡಕ್ಕೆ ನೀರು ಹಾಕೋರಿಲ್ಲ ಅಂತ ಸಂಜೆ ಬಸ್ಸಿಗೆ ಹೊರಟೇಬಿಡೋಳು." ಆಮೇಲೆ, ಅವಳಿಗೆ ತುಂಬ ಇಷ್ಟದ್ದು ಯಾವುದು, ತೆಗೆದುಕೊಂಡು ಹೋಗಲೇ ಎಂದು ಕೇಳಿದರು.

ನನಗೂ ಅದೊಂದೇ ಬೇಕಿತ್ತು. ಆಲವನ್ನು ತೋರಿಸಿದೆ.

ಮಂಚ, ಬೀರು ಎಲ್ಲ ಜೀಪಿನ ಹಿಂದಕ್ಕೆ ಹೋದವು. ಆಲದ ಬಕೆಟ್ಟನ್ನು ಮಾತ್ರ ಅವರು ಮುಂದಿನ ಸೀಟಿನಲ್ಲಿ, ತಮ್ಮ ಪಕ್ಕದಲ್ಲೇ ಇಟ್ಟುಕೊಂಡರು.