ಯಾರು ನೋಡಿದ್ದು?

ನಮ್ಮ ಬೀದಿಯ ವಾಟ್ಸಾಪ್ ಗುಂಪಿಗೆ ಕ್ಷೌರದಂಗಡಿಯ ಅಣ್ಣನೇ ಅಡ್ಮಿನ್. ಅಲ್ಲಿ ಏನೇ ಬಂದು ಬೀಳಲಿ, ಅವನದು ಒಂದೇ ಪ್ರಶ್ನೆ: "ಯಾರು ನೋಡಿದ್ದು?" ನಾಳೆ ನಲ್ಲಿಯಲ್ಲಿ ನೀರು ಬರುವುದಿಲ್ಲ ಎಂದರೂ ಇದೇ, ಮೂಲೆಮನೆಯವರಿಗೆ ಮೊಮ್ಮಗಳು ಹುಟ್ಟಿದಳೆಂದರೂ ಇದೇ. ಅಜ್ಜಿ ಮಗುವಿನ ಫೋಟೊ ಹಾಕಿದ ಮೇಲೆಯೇ ಅವನು ಶುಭಾಶಯ ಹೇಳಿದ್ದು. ಬೆಳ್ಳುಳ್ಳಿ ಹಚ್ಚಿದರೆ ಬೋಳುತಲೆಯಲ್ಲೂ ಕೂದಲು ಬರುತ್ತದೆಂದು ಬರೆದ ದರ್ಜಿಯನ್ನು ಗುಂಪಿನಿಂದ ತೆಗೆದುಹಾಕಿ, ಮರುದಿನ ಅವನದೇ ಗಡ್ಡಕ್ಕೆ ಸೋಪು ಹಚ್ಚುತ್ತಿದ್ದ. "ವಾಪಸ್ ಸೇರಿಸ್ಕೊಳ್ಳಪ್ಪಾ," ಎಂದು ದರ್ಜಿ ನೊರೆಯೊಳಗಿಂದಲೇ ಗೋಗರೆದರೆ, "ಮೊದ್ಲು ನಿನ್ನ ತಲೇಲಿ ಬರ್ಲಿ, ಆಮೇಲೆ ನೋಡೋಣ," ಎಂದ. ಇದನ್ನೆಲ್ಲ ಹೇಳಿಕೊಂಡು ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಆದರೆ ಬೀಗ ರಿಪೇರಿಯವನು ಬಂದು ಕುರ್ಚಿಯಲ್ಲಿ ಕೂತಾಗ ಅಂಗಡಿಯಲ್ಲಿ ಯಾರೂ ನಗುವುದಿಲ್ಲ. ಹಿಂದೊಮ್ಮೆ ಅವನ ಫೋಟೊ 'ಮಕ್ಕಳ ಕಳ್ಳ ಬಂದಿದ್ದಾನೆ' ಎಂಬ ಸಾಲು ಹೊತ್ತು ಎಲ್ಲಿಂದಲೋ ಬಂದಾಗ, ಹಿಂದೆಮುಂದೆ ನೋಡದೆ ಅದನ್ನು ಗುಂಪಿಗೆ ಹಾಕಿದ್ದು ಈ ಅಣ್ಣನೇ. ಯಾರಿಗಾದರೂ ರಕ್ತ ಬೇಕೆಂದರೆ ಆಸ್ಪತ್ರೆಗೆ ಓಡುವ ಗುಂಪು ಅವತ್ತೂ ಓಡಿತ್ತು, ದೊಣ್ಣೆ ಹಿಡಿದುಕೊಂಡು. ಅವನ ಗಲ್ಲದ ಹೊಲಿಗೆಯ ಗುರುತಿನ ಹತ್ತಿರ ಬಂದಾಗ ಅಣ್ಣನ ಕತ್ತಿ ನಿಂತುಬಿಡುತ್ತದೆ. "ಈಗ ನೋವಿಲ್ಲಣ್ಣ, ನೀನು ಮಾಡು," ಎನ್ನುತ್ತಾನೆ ಅವನು. ಬೆಂಚಿನ ಮೇಲೆ ಕಾಯುತ್ತಿರುವವರು ಯಾರೂ ಕನ್ನಡಿಯತ್ತ ಕಣ್ಣೆತ್ತುವುದಿಲ್ಲ. ಆ ಪೆಟ್ಟು ಬಿದ್ದದ್ದನ್ನು ಮಾತ್ರ ಬೀದಿಗೆ ಬೀದಿಯೇ ನೋಡಿತ್ತು.