ಬಳಗಾನೂರಿನ ಕಾಲುವೆಯಲ್ಲಿ ಇಂಚಾನ್ ಯುದ್ಧ

ನಮ್ಮ ಸಿಂಧನೂರಿನಿಂದ ಸಮುದ್ರ ಎಷ್ಟು ದೂರ? ಯಾವ ದಿಕ್ಕಿಗೆ ಹೊರಟರೂ ಒಂದು ರಾತ್ರಿ ಬಸ್ಸಿನಲ್ಲಿ ಮಲಗಬೇಕು. ಆದರೂ ಮೊನ್ನೆ ಸೆಪ್ಟೆಂಬರ್ ಹದಿನೈದರಂದು ನಮ್ಮ ಸೀಮೆಯಲ್ಲಿ ಒಂದು ನೌಕಾ ಕಾರ್ಯಾಚರಣೆ ನಡೆಯಿತು. ನಾನು ಮುಂದಿನ ಸಾಲಿನ ಕುರ್ಚಿಯಲ್ಲಿದ್ದೆ. ನೋಡಿದ್ದನ್ನು ನೋಡಿದ ಕ್ರಮದಲ್ಲೇ ಬರೆಯುತ್ತೇನೆ, ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ.

ನಮ್ಮ ಊರಿನಲ್ಲಿ ಅಕ್ಕಿ ಗಿರಣಿಗಳನ್ನು ಬಿಟ್ಟರೆ ಹೆಚ್ಚು ಸದ್ದು ಮಾಡುವುದು ಸೈನ್ಯ, ಪೊಲೀಸ್ ಭರ್ತಿಯ ಕೋಚಿಂಗ್ ಅಕಾಡೆಮಿಗಳು. ಅಂಥದೊಂದರ ಡೈರೆಕ್ಟರ್ ವೀರೇಶ್. ಸೈನ್ಯದಲ್ಲಿ ಒಂದು ದಿನವೂ ಇದ್ದವರಲ್ಲ. ಆದರೆ ಸೈನಿಕರ ಬಣ್ಣದ ಅಂಗಿ ಬಿಟ್ಟು ಬೇರೆ ಅಂಗಿಯಲ್ಲಿ ಅವರನ್ನು ಕಂಡವರೂ ಇಲ್ಲ. (ಮದುವೆಗೂ ಅದನ್ನೇ ಇಸ್ತ್ರಿ ಮಾಡಿ ಹಾಕಿಕೊಂಡು ಬರುತ್ತಾರೆ.)

ಈ ವೀರೇಶ್ ಅವರಿಗೆ ಇಂಟರ್ನೆಟ್ಟಿನಲ್ಲಿ ಒಂದು ನಿಧಿ ಸಿಕ್ಕಿತು. ಹಡಗಿನಿಂದ ಇಳಿದು ನೆಲದ ಮೇಲೆ ಹೋರಾಡುವ ನೌಕಾ ಪದಾತಿ ಸೈನಿಕರು ಜಗತ್ತಿನಲ್ಲಿ ಯಾವ ತಾರೀಖಿಗೆ ಯಾವ ದಂಡೆಗೆ ಇಳಿದರು ಎಂಬ ವಿವರ. ವಾರಕ್ಕೊಂದು ವಾರ್ಷಿಕೋತ್ಸವ ಗ್ಯಾರಂಟಿ. ಅಲ್ಲಿಯವರೆಗೆ ನಮ್ಮ ಬಸ್ ನಿಲ್ದಾಣದ ಎದುರು ನಾಯಕರ ಹುಟ್ಟುಹಬ್ಬದ ಫ್ಲೆಕ್ಸ್ ಮಾತ್ರ ನಿಲ್ಲುತ್ತಿದ್ದವು. ಈಗ ಯುದ್ಧಗಳ ಹುಟ್ಟುಹಬ್ಬವೂ ಶುರುವಾಯಿತು.

ಇಂಚಾನ್ ದಾಳಿಯನ್ನು ನೀರಿನಲ್ಲಿ ಆಡಿ ತೋರಿಸುವ ಕಾರ್ಯಕ್ರಮದ ಆಮಂತ್ರಣ ಕೊಡಲು ಮನೆಗೆ ಬಂದಾಗ ಕೇಳಿದೆ.

"ಇಂಚಾನ್ ಎಲ್ಲಿ ಬರ್ತೈತ್ರಿ ವೀರೇಶ್?"

"ಕೊರಿಯಾದಾಗ ಸರ್. ಅಮೆರಿಕದ ಮೆರೀನ್ಸ್ ಇಳಿದಿದ್ರು."

"ನಮಗೂ ಅದಕ್ಕೂ ಏನು ಸಂಬಂಧ?"

"ತಾರೀಖು ಸರ್. ಆ ತಾರೀಖಿಗೆ ನಮ್ಮದು ಯಾವುದೂ ಸಿಗಲಿಲ್ಲ."

ಇದಕ್ಕೆ ಏನು ಹೇಳುತ್ತೀರಿ? ನಾನು ಆಮಂತ್ರಣ ತೆಗೆದಿಟ್ಟುಕೊಂಡೆ. ನನಗೆ ಹೋಗಲೇಬೇಕಾಗಿತ್ತು. ಮಸ್ಕಿಯಲ್ಲಿರುವ ನನ್ನ ತಂಗಿ ಮಹಾದೇವಿಯ ಮಗಳು ರೇಣುಕಾ ಅದೇ ಅಕಾಡೆಮಿಯಲ್ಲಿ ಕಲಿಯುತ್ತಿದ್ದಾಳೆ. ಲಿಂಗಸುಗೂರಿನಲ್ಲಿ ಡಿಗ್ರಿ ಮುಗಿಸಿದವಳಿಗೆ ನೌಕಾಪಡೆ ಸೇರುವ ಆಸೆ. ಸಮುದ್ರ ನೋಡಿಲ್ಲ. ಮಸ್ಕಿಯ ಮನೆಯ ನೀರಿನ ತೊಟ್ಟಿಗಿಂತ ಆಳವಾದ ಯಾವುದಕ್ಕೂ ಇಳಿದಿಲ್ಲ. ಈಜು ಬರುವುದಿಲ್ಲ ಎಂದು ಡೈರೆಕ್ಟರಿಗೆ ಹೇಳಿದ್ದಳು.

"ಮೊಣಕಾಲು ಮಟ ನೀರಾಗ ಈಜು ಯಾಕ ಬೇಕವ್ವ?" ಎಂದಿದ್ದರಂತೆ ಅವರು.

ಅವರ ಲೆಕ್ಕವೂ ತಪ್ಪಲ್ಲ. ಯುದ್ಧಕ್ಕೆ ಆರಿಸಿದ್ದ ಜಾಗ ಬಳಗಾನೂರಿನ ಆಚೆ, ಉಪಕಾಲುವೆಯ ಕಟ್ಟಕಡೆಯ ಭಾಗ. ಕಾಲುವೆ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಉಳಿದವರಿಗೆ ಹೇಳುತ್ತೇನೆ: ಮೇಲಿನವರು ಹಗಲೂ ರಾತ್ರಿ ಪಂಪ್ ಹಚ್ಚಿ ಎತ್ತಿಕೊಂಡು ಉಳಿದದ್ದು ಕೊನೆಯವರಿಗೆ ಬರುತ್ತದೆ. ಬಹಳವೆಂದರೆ ಮೊಣಕಾಲು ಮಟ್ಟ, ಸಾಮಾನ್ಯವಾಗಿ ಅದೂ ಇಲ್ಲ. ನಮ್ಮಲ್ಲಿ ಸೂರ್ಯ ಪೂರ್ವಕ್ಕೆ ಹುಟ್ಟುವುದನ್ನಾದರೂ ಯಾರಾದರೂ ಅನುಮಾನಿಸಿಯಾರು, ಕೊನೆಯ ಭಾಗಕ್ಕೆ ನೀರು ಬರುವುದಿಲ್ಲ ಎಂಬುದನ್ನು ಯಾರೂ ಅನುಮಾನಿಸುವುದಿಲ್ಲ.

ಕಾರ್ಯಕ್ರಮ ಬೆಳಿಗ್ಗೆ ಹತ್ತಕ್ಕೆ. ನಾನು ಹೋದಾಗ ಕಾಲುವೆಯಲ್ಲಿ ಮೊಣಕಾಲಿನಷ್ಟು ನೀರು. ನದಿ ದಂಡೆಯ ಊರಿನಿಂದ ಒಂದು ಹರಗೋಲು ತಂದಿದ್ದರು. ಅದರ ಅಂಚಿಗೆ ಬೂದು ಬಣ್ಣದ ಬಟ್ಟೆ ಸುತ್ತಿ ಯುದ್ಧನೌಕೆ ಮಾಡಿದ್ದರು. ಅದು ನಿಂತಲ್ಲೇ ಬುಗುರಿಯಂತೆ ತಿರುಗುತ್ತಿತ್ತು. ಅಮೆರಿಕದ ನೌಕಾದಳಕ್ಕೆ ಈ ಸೌಕರ್ಯ ಇರಲಿಲ್ಲ.

ಸೈನಿಕರ ಪಾತ್ರದ ಐವರಲ್ಲಿ ಮೊದಲು ನೀರಿಗೆ ಹಾರಬೇಕಾದವಳು ರೇಣುಕಾ. ಕಾಲಿಗೆ ಬೂಟು. ಬೆನ್ನಿಗೆ ಮರಳು ತುಂಬಿದ ಚೀಲ. ಅದು ಜಾರಬಾರದೆಂದು ಎದೆಯ ಮೇಲೆ ಹಗ್ಗ ಎಳೆದು ಬಿಗಿದಿದ್ದರು.

ಮುಖ್ಯ ಅತಿಥಿ, ನಮ್ಮ ಸೀಮೆಯ ರಾಜಕೀಯ ನಾಯಕರಾದ ಸಾಹೇಬರು, ಲಿಂಗಸುಗೂರಿನಲ್ಲಿ ಒಂದು ಅಂಗಡಿ ಉದ್ಘಾಟಿಸಿ ಬರಬೇಕಿತ್ತು. ಅವರು ಬರುವವರೆಗೆ ಮೈಕು ಸುಮ್ಮನಿರಬಾರದಲ್ಲ? ವೀರೇಶ್ ಇಂಚಾನ್ ಬಗ್ಗೆ ಪಾಠ ಮಾಡಿದರು. ಚೆನ್ನಾಗಿಯೇ ಮಾಡಿದರು. ಅಲ್ಲಿ ಸಮುದ್ರದ ಏರಿಳಿತ ಮೂವತ್ತು ಅಡಿಯಂತೆ. ನೀರು ಏರಿದಾಗ ಮಾತ್ರ ದೋಣಿ ದಂಡೆ ಮುಟ್ಟುತ್ತದೆ, ಇಳಿದರೆ ಕೆಸರಿನಲ್ಲಿ ಹೂತು ಕೂರುತ್ತದೆ. ಆದ್ದರಿಂದ ದಾಳಿಯ ಹೊತ್ತನ್ನು ಯಾವ ಸೇನಾಪತಿಯೂ ತನ್ನ ಇಷ್ಟದಂತೆ ಇಟ್ಟುಕೊಳ್ಳುವಂತಿಲ್ಲ, ನೀರು ಹೇಳಿದಂತೆ ಕೇಳಬೇಕು.

"ನೀರಿನ ಟೈಮ್ ತಿಳಿಯದವನು ಸೈನಿಕನೇ ಅಲ್ಲ" ಎಂದು ಮುಗಿಸಿದರು. ಚಪ್ಪಾಳೆ ಬಿತ್ತು.

ಹನ್ನೊಂದಾಯಿತು. ಹನ್ನೆರಡೂ ಆಯಿತು. ಆಗ ನಾನು ಒಂದು ಸಂಗತಿ ಗಮನಿಸಿದೆ. ಎದುರು ದಂಡೆಯ ಕಲ್ಲಿನ ಮೆಟ್ಟಿಲುಗಳಲ್ಲಿ ಕೆಳಗಿನವು ಕಾಣುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಅವುಗಳ ಮೇಲಿನದೂ ಮುಚ್ಚಿತು. ದೂರದಲ್ಲಿ ಕಾಲುವೆಯ ಏರಿಯ ಮೇಲೆ ರೈತರು ನೀರಿನ ಜೊತೆಯೇ ನಡೆದು ಬರುತ್ತಿದ್ದರು, ಕೆಲವರ ಕೈಯಲ್ಲಿ ತೆಂಗಿನಕಾಯಿ. ಈ ಹಂಗಾಮಿನಲ್ಲಿ ಅವರು ತುಂಬಿದ ಕಾಲುವೆ ನೋಡುತ್ತಿದ್ದುದು ಅದೇ ಮೊದಲು.

ಯಾಕೆ ಬಂತು ನೀರು? ಆಮೇಲೆ ತಿಳಿಯಿತು. ಸಾಹೇಬರು ಕೊನೆಯ ಭಾಗಕ್ಕೆ ಬರುತ್ತಾರೆ. ಒಣಗಿದ ಸಸಿ ಹಿಡಿದ ರೈತರು ಕಾರಿಗೆ ಅಡ್ಡ ಮಲಗಬಾರದು. ಹಾಗಾಗಿ ಬೆಳಿಗ್ಗೆಯೇ ಯಾರೋ ಜಾಣರು ಮೇಲಿನ ಪಂಪುಗಳನ್ನೆಲ್ಲ ಬಂದ್ ಮಾಡಿಸಿದ್ದರು. ನೀರು ಸಾಹೇಬರ ಸ್ವಾಗತಕ್ಕೆ ಹೊರಟು ಸಾಹೇಬರಿಗಿಂತ ಮೊದಲು ತಲುಪಿತ್ತು.

ನಾನು ವೀರೇಶ್ ಅವರ ಹತ್ತಿರ ಹೋದೆ.

"ನೀರು ಏರಾಕತ್ತೈತ್ರಿ. ಹುಡುಗೂರನ್ನ ಇಳಸಬ್ಯಾಡ್ರಿ."

"ಛಲೋನೇ ಆತಲ್ರಿ ಸರ್. ಫೋಟೋದಾಗ ಸಮುದ್ರ ಕಂಡಂಗ ಕಾಣ್ತೈತಿ."

ಹರಗೋಲಿನವನೂ ಬಿದಿರಿನ ಗಳವನ್ನು ನೀರಿಗೆ ಇಳಿಸಿ ನೋಡಿ, ವೀರೇಶ್ ಅವರಿಗೆ ಕೂಗಿ ಹೇಳಿದ. "ಸಾಹೇಬ್ರ, ಗಳ ತಳಕ್ಕ ಮುಟ್ಟವಲ್ದು."

ಅಷ್ಟರಲ್ಲಿ ಕಾರು ಬಂತು. ಇನ್ನು ಯಾರ ಮಾತು ಯಾರಿಗೆ ಕೇಳಬೇಕು? ಹಾರ, ಶಾಲು, ಪೇಟ. ಸಾಹೇಬರು ಮೈಕು ಹಿಡಿದು, ಕೊನೆಯ ಭಾಗಕ್ಕೆ ನೀರು ತಂದವರು ಯಾರೆಂದು ಕಾಲುವೆ ನೋಡಿದರೆ ಗೊತ್ತಾಗುತ್ತದೆ ಎಂದರು. ವೀರೇಶ್ ಸೀಟಿ ಊದಿದರು. ರೇಣುಕಾ ಹರಗೋಲಿನ ಅಂಚಿನ ಮೇಲೆ ಕಾಲಿಟ್ಟು ಒಮ್ಮೆ ನನ್ನ ಕಡೆ ನೋಡಿದಳು. ನಾನು ಬೇಡವೆಂದು ಕೈ ಆಡಿಸಿದೆ. ಸೀಟಿ ಮತ್ತೆ ಕೂಗಿತು. ಅವಳು ಹಾರಿದಳು.

ಅವಳು ಮೇಲೆ ಬರಲಿಲ್ಲ.

ಮೊದಲು ಒಂದು ಕೈ ಕಂಡಿತು, ಅಂಗೈ ನಮ್ಮ ಕಡೆಗಿತ್ತು. ಅದು ಮುಳುಗಿತು. ಮತ್ತೆ ಕಂಡಾಗ ಬೆರಳುಗಳು ಮಾತ್ರ. ಜನ ಚಪ್ಪಾಳೆ ತಟ್ಟಿದರು. ಹೌದು, ತಟ್ಟಿದರು. ನಿರೂಪಕ ಎರಡನೆಯ ಮೈಕಿನಲ್ಲಿ, "ನೋಡಿ ಬಂಧುಗಳೇ, ಎಷ್ಟು ನೈಜ ಅಭಿನಯ" ಎಂದ. ಆ ಐದು ಶಬ್ದ ನನಗೆ ಈಗಲೂ ನಿದ್ದೆಯಲ್ಲಿ ಕೇಳುತ್ತವೆ. ನಾನು ಕಿರುಚಿದೆ. ನನಗೂ ಈಜು ಬರುವುದಿಲ್ಲ. ಹರಗೋಲಿನಲ್ಲಿ ಉಳಿದ ನಾಲ್ವರು ಹಾರದೆ ಅಂಚು ಹಿಡಿದು ಕೂತರು. (ಅಕಾಡೆಮಿಯ ಶಿಸ್ತನ್ನು ಅವರು ಮುರಿದದ್ದು ಅದೊಂದೇ ಸಲ. ಅವರ ತಾಯಂದಿರ ಪುಣ್ಯ.)

ತೆಂಗಿನಕಾಯಿ ಹಿಡಿದು ಬಂದಿದ್ದ ರೈತರಲ್ಲಿ ಒಬ್ಬ ಧೋತರ ಉಟ್ಟಂತೆಯೇ ಹಾರಿದ. ಅವನ ಹೆಸರು ದುರುಗಪ್ಪ ಎಂದು ನನಗೆ ಗೊತ್ತಾದದ್ದು ಸಂಜೆ. ಮೂರು ಸಲ ಮುಳುಗಿ ಎದ್ದ. ನಾಲ್ಕನೆಯ ಸಲ ದಂಡೆಯ ಕಡೆ ಮುಖ ಮಾಡಿ, "ಲೇ, ಕುಡುಗೋಲು ಒಗೀರಲೇ, ಹಗ್ಗ ಬಿಚ್ಚವಲ್ದು" ಎಂದು ಒದರಿದ. ಕುಡುಗೋಲು ಹೋಯಿತು. ಹಗ್ಗ ಕೊಯ್ದು, ಚೀಲವನ್ನು ನೀರಿಗೆ ಬಿಟ್ಟು, ಅವಳನ್ನು ಕೂದಲು ಹಿಡಿದು ಎಳೆದು ತಂದ. ದಂಡೆಯ ಮೇಲೆ ಬೋರಲು ಹಾಕಿದಾಗ ಬಾಯಿಂದ ನೀರು, ಕೆಸರು. ಆಮೇಲೆ ಒಂದು ಕೆಮ್ಮು. ಆ ಕೆಮ್ಮಿನಷ್ಟು ಹಿತವಾದ ಸದ್ದು ನಾನು ಇನ್ನೊಂದು ಕೇಳಿಲ್ಲ.

ವೇದಿಕೆಯ ಮೇಲೆ ಭಾಷಣ ನಿಂತಿತೇ? ಇಲ್ಲ. ಸಾಹೇಬರ ಬೆನ್ನು ಕಾಲುವೆಗೆ ಇತ್ತು. ವಿಡಿಯೋದವನ ಕ್ಯಾಮೆರಾ ಸಾಹೇಬರ ಕಡೆಗಿತ್ತು. ಅವರು ಹೋದ ಮೇಲೆ ಮೇಲಿನವರ ಪಂಪುಗಳು ಮತ್ತೆ ಶುರುವಾದವು. ಸಂಜೆಗೆ ಕಾಲುವೆಯಲ್ಲಿ ಮೊಣಕಾಲು ಮಟ್ಟದ ನೀರೂ ಇರಲಿಲ್ಲ. ಕೊರಿಯಾದಲ್ಲಿ ನೀರಿನ ಏರಿಳಿತವನ್ನು ಚಂದ್ರ ನೋಡಿಕೊಳ್ಳುತ್ತಾನೆ. ನಮ್ಮಲ್ಲಿ ಕಾರು ಸಾಕು.

ರೇಣುಕಾಳನ್ನು ಸಿಂಧನೂರಿನ ಆಸ್ಪತ್ರೆಗೆ ಸೇರಿಸಿದೆವು. ಮರುದಿನ ವೀರೇಶ್ ಸೇಬು ಹಣ್ಣು ಹಿಡಿದು ಬಂದರು.

"ಸರ್, ನೀವು ಪೇಪರಿಗೆ ಬರೀತೀರಂತ ಗೊತ್ತೈತಿ. ಅಕಾಡೆಮಿ ಹೆಸರು ಹಾಕಬ್ಯಾಡ್ರಿ."

ಹಾಕಿಲ್ಲ. ಗಮನಿಸಿ.

ನನ್ನ ತಂಗಿ ಮಾತಾಡುವವಳಲ್ಲ. ಅವತ್ತು ಮಾತಾಡಿದಳು. "ನನ್ನ ಮಗಳು ದೇಶದ ಸಲುವಾಗಿ ಹೋದ್ರ ನಾ ಎದಿ ಗಟ್ಟಿ ಮಾಡ್ಕೋತಿದ್ನಿ. ನಿಮ್ಮ ಫೋಟೋದ ಸಲುವಾಗಿ ಹೊಂಟಿದ್ಲಲ್ರೀ ಅಣ್ಣಾರ."

ವೀರೇಶ್ ಹಣ್ಣಿನ ಚೀಲವನ್ನು ಮಂಚದ ಕೆಳಗೆ ಇಟ್ಟು ಹೋದರು.

ಇನ್ನು ನೌಕಾಪಡೆಯ ಮಾತೇ ಬೇಡ ಎಂದು ಮನೆಯಲ್ಲಿ ಎಲ್ಲರೂ ಹೇಳಿದೆವು. ರೇಣುಕಾ ಕೇಳಲಿಲ್ಲ. "ನೀರಿಂದ ಏನು ತಪ್ಪೈತಿ ಮಾಮಾ?" ಎಂದಳು. ಈಗ ವಾರಕ್ಕೆ ಎರಡು ದಿನ ಬಳಗಾನೂರಿಗೆ ಹೋಗಿ, ದುರುಗಪ್ಪನ ಹೊಲದ ಬಾವಿಯಲ್ಲಿ, ಸೊಂಟಕ್ಕೆ ಖಾಲಿ ಪ್ಲಾಸ್ಟಿಕ್ ಕ್ಯಾನ್ ಕಟ್ಟಿಕೊಂಡು ಈಜು ಕಲಿಯುತ್ತಿದ್ದಾಳೆ. ಕಲಿಸುವವಳು ಅವನ ಸೊಸೆ. ಬಾವಿಯ ಕಟ್ಟೆಯ ಮೇಲೆ ನನ್ನ ತಂಗಿ ಹಗ್ಗ ಹಿಡಿದು ಕೂರುತ್ತಾಳೆ. ಅಲ್ಲಿ ಫ್ಲೆಕ್ಸ್ ಇಲ್ಲ, ಮೈಕು ಇಲ್ಲ, ಕುರ್ಚಿಯೂ ಇಲ್ಲ. ಕಲಿಕೆ ಮಾತ್ರ ನಡೆದಿದೆ.

ಕಳೆದ ಭಾನುವಾರ ವೀರೇಶ್ ಫೋನ್ ಮಾಡಿದರು. ಸ್ಪೀಕರ್ ಹಾಕಿದೆ, ಪಕ್ಕದಲ್ಲಿ ರೇಣುಕಾ ಇದ್ದಳು.

"ಸರ್, ಬರೋ ವಾರ ಇನ್ನೊಂದು ವಾರ್ಷಿಕೋತ್ಸವ ಐತ್ರಿ. ಅದೇನೋ ಒಂದು ದ್ವೀಪ. ರೇಣುಕಾನ್ನ ಜರೂರು ಕಳಸ್ರಿ. ಫಿಕರ್ ಬ್ಯಾಡ್ರಿ, ಈ ಸಲ ನೀರು ಇಲ್ಲೇ ಇಲ್ಲ. ಹುಲ್ಲಿನ ಬಣವಿಗೆ ಬೆಂಕಿ ಹಚ್ತೀವಿ, ಅದರ ನಡುವ ಓಡೋದು, ಅಷ್ಟ."

ನಾನು ಬಾಯಿ ತೆರೆಯುವ ಮೊದಲೇ ರೇಣುಕಾ ಫೋನಿನ ಕಡೆ ಬಾಗಿದಳು. ದನಿ ಮೆತ್ತಗಿತ್ತು.

"ಮುಖ್ಯ ಅತಿಥಿ ಬರೋತನಕ ಬೆಂಕಿ ಕಾಯ್ತೈತೇನ್ರಿ ಸರ್?"