ಎರಡೂ ಎಡತೋಳು

ಮೂರು ಅಂಗಡಿ ಆದಮೇಲೆ ದರ್ಜಿಗೆ ಬಟ್ಟೆ ಮುಟ್ಟುವ ಕೆಲಸವೇ ಉಳಿಯಲಿಲ್ಲ. ಇಪ್ಪತ್ತು ಹೊಲಿಗೆ ಯಂತ್ರ, ಗಾಜಿನ ಕೋಣೆ, ತಿರುಗುವ ಕುರ್ಚಿ. ಕೂತವನಿಗೆ ಸುಖ, ಕೈಗೆ ಮಾತ್ರ ಉಪವಾಸ. ಎಂಟು ವರ್ಷ ಹೀಗೇ ಕಳೆಯಿತು.

ಒಂದು ದಿನ ನರ್ಸಮ್ಮ ಬಂದರು. ಆಸ್ಪತ್ರೆ ಕೆಲಸದಿಂದ ನಿವೃತ್ತಿಯಾದವರು, ಬಲಭುಜ ಎರಡು ಬೆರಳಷ್ಟು ಇಳಿದಿತ್ತು. ಗಂಡ ಸಾಯುವ ಮುಂಚೆ ತಂದಿಟ್ಟಿದ್ದ ಉಣ್ಣೆ ಬಟ್ಟೆಯಲ್ಲಿ ಅವರಿಗೊಂದು ಕೋಟು ಬೇಕಾಗಿತ್ತು. ನಮ್ಮ ಅಳತೆಗೆ ಈ ಮೈ ಕೂರುವುದಿಲ್ಲ ಎಂದು ಕೆಲಸದವರು ವಾಪಸು ಕಳಿಸುತ್ತಿದ್ದರು. ದರ್ಜಿಗೆ ಅದೇನು ತಲೆಕೆಟ್ಟಿತೋ, ಗಾಜಿನ ಬಾಗಿಲು ತಳ್ಳಿಕೊಂಡು ಬಂದವನೇ, ಅಳತೆಯೂ ನಂದೇ, ಹೊಲಿಗೆಯೂ ನಂದೇ ಎಂದುಬಿಟ್ಟ.

ಬಟ್ಟೆಯನ್ನು ಮನೆಗೆ ಒಯ್ದು ಊಟದ ಮೇಜಿನ ಮೇಲೆ ಹರಡಿದ. ಹೆಂಡತಿ ಮೂಗು ಮುರಿದಳು. "ಕತ್ತರಿ ಹಿಡಿಯೋದು ಸಹಿ ಹಾಕಿದ ಹಾಗಲ್ಲ ಕಣ್ರೀ."

ಬೆನ್ನು, ಎದೆಭಾಗ ಚೆನ್ನಾಗಿಯೇ ಬಂದವು. ಆ ಹುಮ್ಮಸ್ಸಿನಲ್ಲಿ ಒಂದು ತೋಳು ಕತ್ತರಿಸಿದ, ಮಾದರಿ ಕಾಗದವನ್ನು ಮಗುಚದೆ ಇನ್ನೊಂದನ್ನೂ ಕತ್ತರಿಸಿದ. ಎರಡೂ ಎಡತೋಳು! ಕಲಿಯುವವನು ಮೊದಲ ವಾರ ಮಾಡುವ ತಪ್ಪು. ಬಟ್ಟೆಗೆ ಒಂದೇ ಮುಖ, ಒಳಹೊರಗು ಮಾಡಿ ಹೊಲಿಯುವಂತಿಲ್ಲ. ಪೇಟೆಯೆಲ್ಲ ಅಲೆದ, ಅಂಥ ಬಟ್ಟೆ ಎಲ್ಲೂ ಸಿಗಲಿಲ್ಲ.

ಎರಡು ದಿನ ಊಟ ಸೇರಲಿಲ್ಲ. ಕೈಗೆ ಕಸುಬೇ ಬಿಟ್ಟುಹೋಗಿದ್ದರೆ ಅಂಗಡಿ ಬೋರ್ಡಿನ ಮೇಲೆ ಬರೆಸಿದ ಕತ್ತರಿ ಯಾರದು? ನರ್ಸಮ್ಮನಿಗೆ ಯಾವ ಮುಖ ತೋರಿಸುವುದು? ಬಟ್ಟೆಗೆ ಹುಳ ಹಿಡಿದಿತ್ತು ಅಂದುಬಿಡಿ ಎಂದು ಅಂಗಡಿಯ ಕಟಿಂಗ್ ಮಾಸ್ತರ ಉಪಾಯ ಹೇಳಿದ. ದರ್ಜಿ ಅವನನ್ನು ಉಗಿದು ಅಟ್ಟಿದ.

ಕೊನೆಗೆ ತಪ್ಪಿದ ತೋಳನ್ನೇ ಕಿರಿದು ಮಾಡಿ, ಉಳಿದ ಚೂರುಗಳನ್ನು ಕಂಕುಳ ಕೆಳಗೆ ಕೂಡಿಸಿ, ನಾಲ್ಕು ಸಲ ಬಿಚ್ಚಿ ಐದನೆಯ ಸಲಕ್ಕೆ ಬಲತೋಳು ಮಾಡಿದ.

ನರ್ಸಮ್ಮ ಬಂದ ಕೂಡಲೇ ಕೋಟಿನ ಒಳಮಗ್ಗುಲು ಬಿಡಿಸಿ ತೋರಿಸಿದ. "ಇಲ್ಲಿ ತಪ್ಪು ಕತ್ತರಿಸಿದೆ ನರ್ಸಮ್ಮ. ತೇಪೆ ಹಾಕಿದೀನಿ. ಸುಳ್ಳು ಹೇಳಲ್ಲ."

ಅವರು ಕೋಟು ತೊಟ್ಟುಕೊಂಡರು. ಕನ್ನಡಿಯ ಮುಂದೆ ತಿರುಗಿ ತಿರುಗಿ ನೋಡಿಕೊಂಡರು. ಭುಜ ಇಳಿದದ್ದು ಕಾಣುತ್ತಿರಲಿಲ್ಲ. ಬಲಗೈ ಮೇಲೆತ್ತಿದರು.

"ಕೈ ಎತ್ತಿದರೆ ಸ್ವಲ್ಪ ಹಿಡಿಯುತ್ತೆ," ಅಂದರು.

ಎಲ್ಲಿ ಎಂದು ಅವರು ತೋರಿಸುವ ಮುಂಚೆಯೇ ದರ್ಜಿಯ ಹೆಬ್ಬೆರಳು ಆ ಜಾಗ ಹುಡುಕಿಕೊಂಡಿತ್ತು. ಸೀಮೆಸುಣ್ಣದಿಂದ ಗೆರೆ ಎಳೆದು, "ಅಲ್ಲಾಡ್ಬೇಡಿ," ಅಂದ. "ಇನ್ನೊಂದ್ಸಲ ಬಿಚ್ತೀನಿ."